ಹಳ್ಳದ ದಂಡೆಯ ನೆರಳಿನಲ್ಲಿ ನಾಯಿಯ ನಡಿಗೆ

ಕಳೆದ ವರ್ಷ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಬೆಳಗಾವಿಯ ಟಿಳಕವಾಡಿಯಲ್ಲಿರುವ ನನ್ನ ಚಿಕಿತ್ಸಾಲಯಕ್ಕೆ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಹತ್ತು ವರ್ಷದ ಲ್ಯಾಬ್ರಡಾರ್ ನಾಯಿಯನ್ನು ಕರೆತಂದರು. ಅದರ ಹೆಸರು ರಾಜಾ. "ದಿನಾ ಒಂದು ತಾಸು ನನ್ನ ಜೋಡಿ ನಡೀತಿತ್ತರಿ ಡಾಕ್ಟರ, ಈಗ ಗೇಟಿನ ತನಕ ಬಂದು ಕುಂತು ಬಿಡತದ, ಮುಂದ ಬರಾಕ ಒಲ್ಲದು" ಎಂದರು. ತೂಕ 41 ಕಿಲೋ ಇತ್ತು. ಪಕ್ಕೆಲುಬುಗಳು ಕೈಗೆ ಸಿಗುತ್ತಿರಲಿಲ್ಲ. ಹಿಂಗಾಲನ್ನು ಹಿಂದಕ್ಕೆ ಚಾಚಿದಾಗ ಸೊಂಟದ ಕೀಲಿನಲ್ಲಿ ನೋವಾಗಿ ತಲೆ ತಿರುಗಿಸಿ ನನ್ನ ಕೈಯನ್ನು ನೋಡಿತು. ಪಾದವನ್ನು ಮಗುಚಿ ನೋಡಿದರೆ ಅಂಗಾಲಿನ ಮೆತ್ತೆಯ ಅಂಚಿನಲ್ಲಿ ಚರ್ಮ ಸುಲಿದು, ಒಳಗಿನ ಕೆಂಪು ಕಾಣುತ್ತಿತ್ತು. ಶಾಲೆಯ ಕೆಲಸ ಮುಗಿದ ಮೇಲೆ ಅವರು ವಾಕಿಂಗ್ ಹೊತ್ತನ್ನು ಬೆಳಿಗ್ಗೆ ಆರರಿಂದ ಒಂಬತ್ತೂವರೆಗೆ ಬದಲಿಸಿಕೊಂಡಿದ್ದರು, ಮತ್ತು ನಡೆಯುತ್ತಿದ್ದುದು ಡಾಂಬರು ರಸ್ತೆಯ ಮೇಲೆ.

ನಾನು ಮೂರು ವಿಷಯ ಬರೆದುಕೊಟ್ಟೆ: ತೂಕ ಇಳಿಸುವುದು, ಕೀಲುಸವೆತದ ನೋವಿಗೆ ಔಷಧ, ಮತ್ತು ದಾರಿ ಬದಲಿಸುವುದು. ಮೊದಲ ಎರಡನ್ನು ಎಲ್ಲ ಪಶುವೈದ್ಯರೂ ಹೇಳುತ್ತಾರೆ. ಮೂರನೆಯದನ್ನು ನಾವು ಸಾಕಷ್ಟು ಒತ್ತಿ ಹೇಳುವುದಿಲ್ಲ ಎಂಬುದು ನನ್ನ ಅನಿಸಿಕೆ. ನಾಯಿ ಎಷ್ಟು ದೂರ ನಡೆಯಿತು ಎಂಬುದನ್ನು ಎಲ್ಲರೂ ಲೆಕ್ಕ ಇಡುತ್ತಾರೆ. ಅದು ಯಾವ ನೆಲದ ಮೇಲೆ, ಯಾವ ನೆರಳಿನಲ್ಲಿ, ಯಾರ ವೇಗದಲ್ಲಿ ನಡೆಯಿತು ಎಂದು ಕೇಳುವವರು ಕಡಿಮೆ.

ಅವರು ಆರಿಸಿಕೊಂಡ ದಾರಿ ಊರಿನ ಪಶ್ಚಿಮಕ್ಕೆ, ಮಾರ್ಕಂಡೇಯ ನದಿಯನ್ನು ಸೇರುವ ಒಂದು ಸಣ್ಣ ಹಳ್ಳದ ದಂಡೆಯದು. ಅದು ರೈತರ ಹೊಲಗಳ ನಡುವೆ ಹಾದುಹೋಗುವ ಬಂಡಿದಾರಿಯಾದ್ದರಿಂದ ಜಾಗದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸುಮಾರು ಒಂದು ಕಿಲೋಮೀಟರ್ ಉದ್ದ, ಏರಿಳಿತ ಇಲ್ಲವೆನ್ನುವಷ್ಟು ಕಡಿಮೆ. ಹೊಂಗೆ, ನೇರಳೆ ಮತ್ತು ಬಿದಿರಿನ ಮೆಳೆಗಳು ಎರಡೂ ಬದಿಯಿಂದ ಬಾಗಿ ನಿಂತಿರುವುದರಿಂದ ಒಂಬತ್ತು ಗಂಟೆಯವರೆಗೂ ನೆಲಕ್ಕೆ ನೇರ ಬಿಸಿಲು ತಾಗುವುದಿಲ್ಲ. ಇಂಥ ದಾರಿಗಳು ಬೆಳಗಾವಿ ಮತ್ತು ಖಾನಾಪುರ ತಾಲ್ಲೂಕುಗಳಲ್ಲಿ ಇನ್ನೂ ಹಲವು ಉಳಿದಿವೆ.

ನೆರಳಿನ ಮಹತ್ವ ನಾಯಿಯ ದೇಹರಚನೆಯಲ್ಲೇ ಇದೆ. ಮನುಷ್ಯ ಮೈತುಂಬ ಬೆವರಿ ತಣ್ಣಗಾಗುತ್ತಾನೆ. ನಾಯಿಯ ಬೆವರಿನ ಗ್ರಂಥಿಗಳು ಮುಖ್ಯವಾಗಿ ಅಂಗಾಲಿನಲ್ಲಿದ್ದು, ಮೈಯನ್ನು ತಂಪಾಗಿಸಲು ಅವು ಸಾಲುವುದಿಲ್ಲ. ಆದ್ದರಿಂದ ಅದು ನಾಲಿಗೆ ಹೊರಚಾಚಿ ತೇಕುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 10ರಿಂದ 30 ಇರುವ ಉಸಿರಾಟ ತೇಕುವಾಗ 200ನ್ನೂ ದಾಟುತ್ತದೆ, ಮತ್ತು ಬಾಯಿ, ಮೂಗು, ಗಂಟಲಿನ ತೇವ ಆವಿಯಾಗುತ್ತ ರಕ್ತವನ್ನು ತಂಪಾಗಿಸುತ್ತದೆ. ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 106 ದಾಟಿದರೆ ಉಷ್ಣಾಘಾತ, ಅಲ್ಲಿಂದ ಮುಂದೆ ಮೂತ್ರಪಿಂಡ, ಕರುಳು, ಮಿದುಳುಗಳಿಗೆ ಹಾನಿ ತೊಡಗುತ್ತದೆ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಲ್ಲಿ ಗಾಳಿಯ ಹಾದಿಯೇ ಕಿರಿದಾಗಿರುವುದರಿಂದ ಈ ವ್ಯವಸ್ಥೆ ಮೊದಲಿನಿಂದಲೂ ದುರ್ಬಲ. ಇಲ್ಲೊಂದು ಎಚ್ಚರಿಕೆಯನ್ನೂ ಹೇಳಬೇಕು. ತೇಕುವುದರಿಂದ ಮೈ ತಂಪಾಗುವುದು ತೇವ ಆವಿಯಾದರೆ ಮಾತ್ರ. ಮೇ ತಿಂಗಳ ಕೊನೆಯಲ್ಲಿ, ಮಳೆ ಬರುವ ಮುನ್ನ ಗಾಳಿ ನಿಂತು ಧಗೆ ಹೆಚ್ಚಿದ ಸಂಜೆಗಳಲ್ಲಿ, ಹಳ್ಳದ ತಗ್ಗಿನ ನೆರಳು ಕೂಡ ನಾಯಿಗೆ ಅಷ್ಟಾಗಿ ನೆರವಾಗುವುದಿಲ್ಲ. ಆ ದಿನಗಳಲ್ಲಿ ಸೂರ್ಯ ಹುಟ್ಟುವ ಹೊತ್ತಿನ ನಡಿಗೆಯೊಂದೇ ಸುರಕ್ಷಿತ. ನಾಯಿ ತೂರಾಡಿದರೆ, ವಸಡು ಇಟ್ಟಿಗೆಯಂತೆ ಕೆಂಪಾದರೆ, ಜೊಲ್ಲು ಅಂಟಂಟಾದರೆ, ಮೊದಲು ಅಲ್ಲಿಯೇ ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ, ಅನಂತರ ವೈದ್ಯರ ಬಳಿ ಒಯ್ಯಿರಿ. ಆಸ್ಪತ್ರೆ ಮುಟ್ಟುವವರೆಗೆ ತಂಪು ಮಾಡದೆ ಕಾಯ್ದು ಕಳೆದುಕೊಂಡ ನಾಯಿಗಳನ್ನು ನಾನು ಕಂಡಿದ್ದೇನೆ.

ನೆಲದ ಮಾತು ಇನ್ನೂ ಸರಳ. ಬೇಸಿಗೆಯ ಬಿಸಿಲಿಗೆ ಕಾದ ಡಾಂಬರು 50 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಿಮ್ಮ ಅಂಗೈಯ ಹಿಂಬದಿಯನ್ನು ಏಳು ಎಣಿಸುವವರೆಗೆ ರಸ್ತೆಯ ಮೇಲೆ ಇಡಲಾಗದಿದ್ದರೆ ನಾಯಿ ಅಲ್ಲಿ ಕಾಲಿಡಬಾರದು. ಮಣ್ಣಿನ ದಾರಿ ಬೇಗ ತಣಿಯುತ್ತದೆ, ಹೆಜ್ಜೆಯ ಪೆಟ್ಟನ್ನು ತಾನು ತೆಗೆದುಕೊಳ್ಳುತ್ತದೆ, ಸವೆದ ಕೀಲುಗಳಿಗೆ ಅದೇ ದೊಡ್ಡ ಉಪಕಾರ. ರಾಜಾನಿಗೆ ನಾನು ಹೇಳಿದ ಪ್ರಮಾಣ ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ. ವಾರವಿಡೀ ಮನೆಯಲ್ಲಿ ಮಲಗಿಸಿ ಭಾನುವಾರ ಎರಡು ತಾಸು ನಡೆಸುವುದು ಕೀಲುನೋವಿನ ನಾಯಿಗೆ ಶಿಕ್ಷೆಯೇ ಸರಿ.

ಈಗ ನನಗೆ ಅತ್ಯಂತ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಮೂರನೆಯ ವಾರ ನಾನೂ ಅವರ ಜೊತೆ ಆ ಹಳ್ಳಕ್ಕೆ ಹೋಗಿದ್ದೆ. ದಾರಿಯಲ್ಲಿ ಒಂದು ಹಳೆಯ ನೇರಳೆ ಮರವಿದೆ, ಅದರ ಬೇರು ದಾರಿಗೆ ಅಡ್ಡವಾಗಿ ಉಬ್ಬಿ ನಿಂತಿದೆ. ರಾಜಾ ಅಲ್ಲಿ ನಿಂತಿತು. ಶಿಕ್ಷಕಿಯವರು ಅಭ್ಯಾಸಬಲದಿಂದ ಬೆಲ್ಟ್ ಎಳೆಯಲು ಹೊರಟಾಗ ನಾನು ಬೇಡವೆಂದು ಕೈಸನ್ನೆ ಮಾಡಿ ಗಡಿಯಾರ ನೋಡಿಕೊಂಡೆ. ಅದು ಬೇರಿನ ಒಂದು ತುದಿಯಿಂದ ಮೂಸಲು ತೊಡಗಿ, ಮಧ್ಯದ ಸಂದಿನಲ್ಲಿ ಮೂಗು ತೂರಿಸಿ, ಮೂಗಿನ ಹೊಳ್ಳೆಗಳನ್ನು ಸೆಕೆಂಡಿಗೆ ಐದಾರು ಬಾರಿ ಅದುರಿಸುತ್ತ, ಒಮ್ಮೆ ಹಿಂದಕ್ಕೆ ಬಂದು ಅದೇ ಜಾಗವನ್ನು ಮತ್ತೆ ಪರೀಕ್ಷಿಸಿ, ಕೊನೆಗೆ ಒಂದು ದೀರ್ಘ ಉಸಿರು ಬಿಟ್ಟು ಮುಂದೆ ನಡೆಯಿತು. ಎರಡು ನಿಮಿಷ ಹತ್ತು ಸೆಕೆಂಡು. ಆ ಹೊತ್ತಿನಲ್ಲಿ ಅದರ ಬಾಲ ಅಲುಗುತ್ತಿರಲಿಲ್ಲ, ಕಿವಿಗಳು ಮುಂದಕ್ಕೆ ನಿಂತಿದ್ದವು, ಬಾಯಿ ಮುಚ್ಚಿತ್ತು. ಇಡೀ ಪ್ರಾಣಿ ಆ ಕೆಲಸದಲ್ಲಿ ಮುಳುಗಿತ್ತು.

ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಅರ್ಧ ಕೋಟಿಯ ಆಸುಪಾಸು ಇದ್ದರೆ, ನಾಯಿಯಲ್ಲಿ ತಳಿಗೆ ತಕ್ಕಂತೆ ಹತ್ತು ಕೋಟಿಯಿಂದ ಮೂವತ್ತು ಕೋಟಿಯವರೆಗೆ ಇವೆ. ಅದರ ಹೊಳ್ಳೆಯ ಪಕ್ಕದಲ್ಲಿ ಒಂದು ಸೀಳು ಇರುತ್ತದೆ. ಬಿಟ್ಟ ಉಸಿರು ಆ ಸೀಳಿನಿಂದ ಪಕ್ಕಕ್ಕೆ ಹೋಗುವುದರಿಂದ ಮುಂದಿರುವ ವಾಸನೆ ಚದುರುವುದಿಲ್ಲ. ಹಳ್ಳದ ದಂಡೆಯ ತೇವದ ಮಣ್ಣು ವಾಸನೆಯನ್ನು ಒಣ ರಸ್ತೆಗಿಂತ ಚೆನ್ನಾಗಿ ಹಿಡಿದಿಡುತ್ತದೆ. ರಾತ್ರಿ ದಾಟಿದ ಮುಂಗುಸಿ, ನೀರು ಕುಡಿಯಲು ಬಂದ ಎಮ್ಮೆಗಳು, ಕುರಿಗಾರರ ನಾಯಿ, ಎಲ್ಲರ ಸುದ್ದಿಯೂ ಅಲ್ಲಿರುತ್ತದೆ. ಓಡಲಾಗದ ಮುದಿ ನಾಯಿಗೆ ಮೂಸುವುದೇ ಉಳಿದಿರುವ ದೊಡ್ಡ ವ್ಯಾಯಾಮ, ಮತ್ತು ಅದು ದೇಹದಷ್ಟೇ ಮಿದುಳಿನದು. ಹಾಗಾಗಿ ಕುತ್ತಿಗೆಯ ಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್, ಮತ್ತು ಮೂರು ಮೀಟರ್ ಉದ್ದದ ನೂಲಿನ ಹಗ್ಗ ಬಳಸಿರಿ ಎಂದು ನಾನು ಹೇಳುತ್ತೇನೆ. ಹಗ್ಗ ಸಡಿಲವಾಗಿರಲಿ, ನಾಯಿ ನಿಂತಲ್ಲಿ ನೀವೂ ನಿಲ್ಲಿರಿ. ಒಂದು ಕಿಲೋಮೀಟರ್ ಮುಗಿಯದೆ ಹೋದರೂ ನಷ್ಟವಿಲ್ಲ.

ಆದರೆ ಹಗ್ಗ ಇರಲೇಬೇಕು. ಇದನ್ನು ಮುಧೋಳ ನಾಯಿ ಸಾಕಿದವರಿಗೆ ವಿಶೇಷವಾಗಿ ಹೇಳಬೇಕಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಈ ತಳಿ ವಾಸನೆಗಿಂತ ಕಣ್ಣಿನಿಂದ ಬೇಟೆ ಹಿಡಿಯುವಂಥದ್ದು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ಹೊರತಂದಾಗ ನಮ್ಮ ಭಾಗದವರೆಲ್ಲ ಹೆಮ್ಮೆಪಟ್ಟಿದ್ದೆವು. ದೂರದ ಬದುವಿನಲ್ಲಿ ಒಂದು ಮೊಲ ಅಲುಗಿದರೆ ಸಾಕು, ನಿಮ್ಮ ಕೂಗು ಕಿವಿಗೆ ಬೀಳುವ ಮುನ್ನ ಅದು ಎರಡು ಹೊಲ ದಾಟಿರುತ್ತದೆ. ಮೊಲವನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಿಂಡಿನ ಕುರಿಯನ್ನು ಅಟ್ಟಿದರೆ ಕುರಿಗಾರನಿಗಾಗುವ ನಷ್ಟ ಬೇರೆ. ಖಾನಾಪುರದ ಕಡೆ ಹೋಗುವವರು ಭೀಮಗಡ ಅಭಯಾರಣ್ಯದೊಳಗೆ ನಾಯಿಯನ್ನು ಒಯ್ಯಲೇಬಾರದು. ಸಾಕುನಾಯಿಗಳಲ್ಲಿರುವ ಡಿಸ್ಟೆಂಪರ್ ರೋಗ ಅಲ್ಲಿನ ಕಾಡುನಾಯಿಗಳಿಗೆ ಮಾರಕವಾಗಬಲ್ಲದು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಸಿಂಹಗಳು ಸತ್ತಾಗ ಇದೇ ವೈರಾಣು ಪತ್ತೆಯಾಗಿತ್ತು.

ನೀರಿನ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟಾದದ್ದು. ಹರಿಯುವ ತೆಳುನೀರಿನಲ್ಲಿ ನಾಯಿ ಕಾಲಾಡಿಸಲಿ, ಮೊಣಕಾಲಿನ ಮಟ್ಟದ ನೀರು ಅದರ ಭಾರವನ್ನು ಸ್ವಲ್ಪ ಹೊತ್ತುಕೊಂಡು ಕೀಲಿಗೆ ಹಿತ ಕೊಡುತ್ತದೆ. ಪಾಚಿ ಕಟ್ಟಿದ ಜಾರುಗಲ್ಲುಗಳನ್ನು ಮಾತ್ರ ತಪ್ಪಿಸಿರಿ. ಜನವರಿಯ ನಂತರ ಹರಿವು ನಿಂತು ಮಡುಗಳಷ್ಟೇ ಉಳಿದಾಗ ಆ ನೀರಿಗೆ ಇಳಿಸಬೇಡಿ, ಕುಡಿಸಬೇಡಿ. ಇಲಿ ಹೆಗ್ಗಣಗಳ ಮತ್ತು ದನಗಳ ಮೂತ್ರದಿಂದ ಲೆಪ್ಟೊಸ್ಪೈರಾ ಎಂಬ ಸೂಕ್ಷ್ಮಜೀವಿ ಇಂಥ ನೀರನ್ನು, ಕೆಸರನ್ನು ಸೇರಿ ವಾರಗಟ್ಟಲೆ ಬದುಕಿರುತ್ತದೆ. ಅದು ಕುಡಿದ ನೀರಿನಿಂದ ಮಾತ್ರವಲ್ಲದೆ ಕಾಲಿನ ಸಣ್ಣ ಗೀರಿನಿಂದಲೂ ಒಳಹೊಕ್ಕು ಯಕೃತ್ತು, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಸೋಂಕಿತ ನಾಯಿಯ ಮೂತ್ರದಿಂದ ಮನೆಯ ಮಂದಿಗೂ ಬರಬಲ್ಲದು. ಇದಕ್ಕೆ ಲಸಿಕೆ ಇದೆ. ಮೊದಲ ಸಲ ಕೆಲವು ವಾರಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಪ್ರತಿ ವರ್ಷ ಒಂದು. ರೇಬಿಸ್ ಲಸಿಕೆಯನ್ನು ಮರೆಯದವರು ಇದನ್ನು ಮರೆಯುತ್ತಾರೆ. ಹಳ್ಳಕ್ಕೆ ಹೋಗುವ ನಾಯಿಗೆ ಎರಡೂ ಬೇಕು. ಕುಡಿಯಲು ಮನೆಯಿಂದಲೇ ಒಂದು ಬಾಟಲಿ ನೀರು ಮತ್ತು ಬಟ್ಟಲು ಒಯ್ಯಿರಿ, ಹೊರಡುವ ಮುನ್ನವೂ ಕುಡಿಸಿರಿ; ಬಾಯಾರದ ನಾಯಿ ಮಡುವಿನ ಕಡೆ ಅಷ್ಟಾಗಿ ಎಳೆಯುವುದಿಲ್ಲ.

ಹಳ್ಳದ ಪಾತ್ರದಲ್ಲಿ ಗುಲಾಬಿ ಹೂ ಬಿಡುವ ಕಣಗಿಲೆ ಬೆಳೆದಿದ್ದರೆ ಅದರ ಎಲೆ, ಕಡ್ಡಿಗಳನ್ನು ಕಚ್ಚಲು ಬಿಡಬೇಡಿ; ಅದರ ವಿಷ ನೇರವಾಗಿ ಹೃದಯದ ಬಡಿತಕ್ಕೆ ತಾಗುತ್ತದೆ. ಹುಲ್ಲು ದಟ್ಟವಾಗಿರುವಲ್ಲಿ ಕೊಳಕುಮಂಡಲ ಹಾವಿನ ಭಯ ಇದ್ದೇ ಇದೆ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ, ನಾಯಿಯನ್ನು ನಡೆಸುವುದೂ ಬೇಡ. ಎತ್ತಿಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಿರಿ. ಮನುಷ್ಯರಿಗೆ ಕೊಡುವ ಪ್ರತಿವಿಷವೇ ನಾಯಿಗೂ ಕೆಲಸ ಮಾಡುತ್ತದೆ.

ಇನ್ನು ಉಣ್ಣಿ. ನನ್ನ ಚಿಕಿತ್ಸಾಲಯಕ್ಕೆ ಬರುವ ಜ್ವರದ ನಾಯಿಗಳಲ್ಲಿ ನಾನು ಮೊದಲು ಹುಡುಕುವುದೇ ಇದನ್ನು. ಕಂದು ಬಣ್ಣದ ನಾಯಿ ಉಣ್ಣಿ ಮನೆಯ ಗೋಡೆಯ ಸಂದಿನಲ್ಲಿ, ನಾಯಿ ಮಲಗುವ ಗೋಣಿಯಲ್ಲಿ ಸಂತಾನ ಬೆಳೆಸುತ್ತದೆ; ಹಳ್ಳದ ದಾರಿಯಲ್ಲಿ ಬೀದಿನಾಯಿಗಳು ಮಲಗೆದ್ದ ಮರದ ಬುಡದಿಂದ ಒಂದು ಹೆಣ್ಣು ಉಣ್ಣಿ ಮೈಯೇರಿ ಬಂದರೂ ಸಾವಿರಾರು ಮೊಟ್ಟೆಗಳಾಗುತ್ತವೆ. ಅದು ಹರಡುವ ಎರ್ಲಿಕಿಯಾ ರೋಗ ಕಚ್ಚಿದ ಕೆಲವೇ ಗಂಟೆಗಳಲ್ಲಿ ರಕ್ತ ಸೇರಬಲ್ಲದು. ಒಂದೆರಡು ವಾರ ಏನೂ ಕಾಣುವುದಿಲ್ಲ, ಬಳಿಕ ಜ್ವರ, ಅನ್ನ ಬಿಡುವುದು, ಕೆಲವೊಮ್ಮೆ ಮೂಗಿನಿಂದ ರಕ್ತ. ಬೇಗ ಗೊತ್ತಾದರೆ ಡಾಕ್ಸಿಸೈಕ್ಲಿನ್ ಮಾತ್ರೆಯಿಂದ ಗುಣವಾಗುತ್ತದೆ, ಆದರೆ ಮೂರು ನಾಲ್ಕು ವಾರ ಬಿಡದೆ ಕೊಡಬೇಕು. ಐದನೆಯ ದಿನ ನಾಯಿ ಚೆನ್ನಾಗಿ ಉಂಡಿತೆಂದು ಮಾತ್ರೆ ನಿಲ್ಲಿಸುವವರೇ ಮತ್ತೆ ಬರುತ್ತಾರೆ.

ಹೀಗಾಗಿ ಮನೆಗೆ ಬಂದ ಮೇಲಿನ ಹತ್ತು ನಿಮಿಷವನ್ನೂ ನಡಿಗೆಯ ಲೆಕ್ಕಕ್ಕೇ ಹಿಡಿಯಬೇಕು. ಬಾಗಿಲ ಹೊರಗೆ, ಬೆಳಕಿನಲ್ಲಿ ಕೂತು ನೋಡಿರಿ. ಕಿವಿಯ ಒಳಮಡಿಕೆ, ಕಣ್ಣಿನ ರೆಪ್ಪೆ, ಪಟ್ಟಿಯ ಅಡಿ, ಮುಂಗಾಲಿನ ಕಂಕುಳು, ತೊಡೆಯ ಸಂದು, ಬಾಲದ ಬುಡ, ಒಂದೊಂದೇ ಬೆರಳಿನ ನಡುವೆ. ಕಣ್ಣಿಗಿಂತ ಬೆರಳ ತುದಿಗೆ ಬೇಗ ಗೊತ್ತಾಗುತ್ತದೆ, ಮೊದಲ ದಿನದ ಉಣ್ಣಿ ಎಳ್ಳುಕಾಳಿನಷ್ಟೇ ಇರುತ್ತದೆ. ಸಣ್ಣ ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು, ತಿರುಚದೆ ನೇರವಾಗಿ ಎಳೆಯಿರಿ. ಸೀಮೆಎಣ್ಣೆ ಹಚ್ಚುವ ರೂಢಿಯನ್ನು ದಯವಿಟ್ಟು ಬಿಡಿ. ಚರ್ಮ ಸುಡುತ್ತದೆ, ನೆಕ್ಕಿದ ನಾಯಿಯ ಹೊಟ್ಟೆಗೂ ಹೋಗುತ್ತದೆ.

ವಿಜಯಪುರ, ಬಾಗಲಕೋಟೆಯ ಓದುಗರಿಗೆ ಹಳ್ಳಗಳು ಇವೆ, ನೆರಳು ಕಡಿಮೆ. ಅಲ್ಲಿ ಬಳ್ಳಾರಿ ಜಾಲಿಯ ಮುಳ್ಳು ದೊಡ್ಡ ತೊಂದರೆ, ಅದು ಮೆತ್ತೆಯೊಳಗೆ ಮುರಿದು ಉಳಿದರೆ ವಾರದ ನಂತರ ಕೀವು ಕಟ್ಟುತ್ತದೆ. ಮಳೆಯಾದ ಮೇಲೆ ಎರೆಮಣ್ಣು ಬೆರಳ ಸಂದಿನಲ್ಲಿ ಮೆತ್ತಿಕೊಂಡು ಒಣಗಿ ಕಲ್ಲಿನಂತಾಗುತ್ತದೆ. ಕಿತ್ತು ತೆಗೆಯದೆ, ಉಗುರುಬೆಚ್ಚಗಿನ ನೀರಿನಲ್ಲಿ ಪಾದ ನೆನೆಸಿ ಬಿಡಿಸಿರಿ. ಅಲ್ಲಿನ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಬೆಳಿಗ್ಗೆ ಏಳರೊಳಗೆ ನಾಯಿ ಮನೆಯಲ್ಲಿರಬೇಕು.

ರಾಜಾನ ತೂಕ ಈಗ 34 ಕಿಲೋ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳ ತುಂಬಿ ಹರಿಯುವಾಗ ಅವರು ಅಲ್ಲಿಗೆ ಹೋಗಲಿಲ್ಲ, ಮನೆಯ ಓಣಿಯಲ್ಲೇ ನಡೆದರು. ಅಕ್ಟೋಬರ್‌ನಲ್ಲಿ ಮೊದಲ ಸಲ ಮರಳಿದ ದಿನ ದಂಡೆಯ ಹುಲ್ಲು ಸೊಂಟದೆತ್ತರ ಬೆಳೆದಿತ್ತಂತೆ, ನೇರಳೆಯ ಬೇರಿನ ಮೇಲೆ ಪ್ರವಾಹದ ಮಣ್ಣು ಕೂತಿತ್ತಂತೆ. "ಅದ ಜಾಗಾದಾಗ ನಿಂತಿತ್ತರಿ, ಈ ಸಲ ಐದು ನಿಮಿಷ" ಎಂದು ಶಿಕ್ಷಕಿಯವರು ಫೋನಿನಲ್ಲಿ ಹೇಳಿದರು.