ಕೂದಲಿಗೆ ನುಂಗಿದ ಮಾತ್ರೆ, ಎದೆಯಲ್ಲಿ ಸಿಕ್ಕ ಗಂಟು

"ಬೇರೆ ಏನಾದ್ರೂ ಮಾತ್ರೆ ತಗೊಳ್ತಿದ್ದೀರಾ?"

"ಇಲ್ಲ ಸಾರ್."

"ಬಿಪಿ, ಶುಗರ್, ಥೈರಾಯ್ಡ್?"

"ಏನೂ ಇಲ್ಲ ಸಾರ್."

"ಕೂದಲಿಗೆ?"

"ಓ, ಅದಾ? ಅದು ಎಂಟು ತಿಂಗಳಿಂದ ತಗೋತಿದ್ದೀನಿ."

ಹಾರ್ಮೋನ್ ವೈದ್ಯನಾಗಿ ನಾನು ಕೂರುವ ಮೈಸೂರಿನ ಒಪಿಡಿಯಲ್ಲಿ ಈ ಸಂಭಾಷಣೆ ಪದ ಬದಲಾಗದೆ ಎಷ್ಟು ಸಲ ನಡೆದಿದೆಯೋ ಲೆಕ್ಕವಿಲ್ಲ. ಕೂದಲಿನ ಮಾತ್ರೆ ನಮ್ಮವರ ಲೆಕ್ಕದಲ್ಲಿ ಔಷಧವೇ ಅಲ್ಲ. ಎಣ್ಣೆ, ಶಾಂಪೂ, ಬಾಚಣಿಗೆಯ ಜೊತೆ ಅದೂ ಕನ್ನಡಿಯ ಮುಂದೆ ಇರುವ ಒಂದು ಸಾಮಾನು.

ಈ ಸಲ ಬಂದಿದ್ದವನು ಇಪ್ಪತ್ತೊಂಬತ್ತರ ಹುಡುಗ, ಬ್ಯಾಂಕ್ ನೌಕರ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಎಡಗಡೆ ಎದೆನೋವು. 2021ರ ಅಕ್ಟೋಬರಿನಲ್ಲಿ ಅಪ್ಪು ಹೋದ ಮೇಲೆ ನಮ್ಮ ಕಡೆ ಎಡಗಡೆ ಎದೆ ಚುಳ್ ಎಂದರೆ ಸಾಕು, ಹುಡುಗರು ಇಸಿಜಿಗೆ ಓಡುತ್ತಾರೆ. ಇವನೂ ಎರಡು ಇಸಿಜಿ, ಒಂದು ಎಕೋ ಮಾಡಿಸಿಕೊಂಡಿದ್ದ. ಎಲ್ಲವೂ ಸರಿಯಾಗಿತ್ತು. "ಗ್ಯಾಸ್ಟ್ರಿಕ್" ಎಂದು ಬೆಳಗಿನ ಖಾಲಿ ಹೊಟ್ಟೆಗೆ ಮಾತ್ರೆಯೂ ಸಿಕ್ಕಿತ್ತು. ನೋವು ಎಲ್ಲಿ, ಬೆರಳಿಟ್ಟು ತೋರಿಸು ಎಂದೆ. ತೋರುಬೆರಳು ನೇರ ಮೊಲೆತೊಟ್ಟಿನ ಮೇಲೆ ಬಂದು ನಿಂತಿತು. ಅಲ್ಲಿಯವರೆಗೆ ಯಾರೂ ಅಲ್ಲಿ ಕೈಯಿಟ್ಟು ನೋಡಿರಲಿಲ್ಲ. ಅವನೂ ನೋಡಿಕೊಂಡಿರಲಿಲ್ಲ.

ಪರೀಕ್ಷೆಗೆ ಒಂದು ನಿಮಿಷ ಸಾಕು. ಅಂಗಾತ ಮಲಗಿಸಿ, ಹೆಬ್ಬೆರಳನ್ನೂ ತೋರುಬೆರಳನ್ನೂ ಎರಡು ಬದಿಯಿಂದ ತೊಟ್ಟಿನ ಕಡೆಗೆ ಮೆಲ್ಲಗೆ ತರುತ್ತೇನೆ. ಬರೀ ಕೊಬ್ಬಾದರೆ ಬೆರಳುಗಳು ಅಡ್ಡಿಯಿಲ್ಲದೆ ತೊಟ್ಟಿನವರೆಗೂ ಬಂದು ಸೇರುತ್ತವೆ. ಗ್ರಂಥಿ ಬೆಳೆದಿದ್ದರೆ ತೊಟ್ಟಿನ ಅಡಿಯಲ್ಲಿ ಕೇರಂ ಕಾಯಿನ್‌ನಂಥ ಒಂದು ಬಿಲ್ಲೆ ಸಿಗುತ್ತದೆ, ರಬ್ಬರಿನ ಹದದ್ದು, ಒತ್ತಿದರೆ ನೋಯುವಂಥದ್ದು. ಇದೇ ಗೈನಕೊಮಾಸ್ಟಿಯಾ. ಜಿಮ್ ಹುಡುಗರ ಬಾಯಲ್ಲಿ "ಗೈನೋ". ಇವನದು ಎಡಗಡೆ ಮೂರು ಸೆಂಟಿಮೀಟರ್, ಬಲಗಡೆ ಒಂದೂವರೆ. ಬಲಗಡೆಯದು ಇದೆಯೆಂದು ಅವನಿಗೇ ಗೊತ್ತಿರಲಿಲ್ಲ.

ಅವನು ನುಂಗುತ್ತಿದ್ದದ್ದು ಫಿನಾಸ್ಟರೈಡ್. ಈ ಔಷಧದ ಹುಟ್ಟಿನ ಕತೆ ಚೆನ್ನಾಗಿದೆ. ಡೊಮಿನಿಕನ್ ಗಣರಾಜ್ಯದ ಒಂದು ಹಳ್ಳಿಯ ಕಡೆ ಹೆಣ್ಣುಮಕ್ಕಳೆಂದು ಬೆಳೆಸಿದ ಕೆಲವು ಮಕ್ಕಳು ಹರೆಯಕ್ಕೆ ಬಂದಾಗ ಗಂಡಸರಾಗುತ್ತಿದ್ದರು. 1974ರಲ್ಲಿ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು ಕಾರಣ ಹೇಳಿದರು: ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನನ್ನು ಅದಕ್ಕಿಂತ ಪ್ರಬಲವಾದ ಡಿಎಚ್‌ಟಿ ಎಂಬ ಹಾರ್ಮೋನ್ ಆಗಿ ಬದಲಿಸುವ ಕಿಣ್ವ ಅವರಲ್ಲಿ ಹುಟ್ಟಿನಿಂದಲೇ ಕೈಕೊಟ್ಟಿತ್ತು. ಆ ಗಂಡಸರಿಗೆ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿಯೇ ಉಳಿಯುತ್ತಿತ್ತು, ತಲೆ ಬೋಳಾಗುತ್ತಿರಲಿಲ್ಲ. ಆ ಕಿಣ್ವವನ್ನೇ ತಡೆಯುವ ಮಾತ್ರೆ ಮಾಡಿದರೆ? 1992ರಲ್ಲಿ 5 ಮಿಲಿಗ್ರಾಂ ಫಿನಾಸ್ಟರೈಡ್ ಹಿಗ್ಗಿದ ಪ್ರಾಸ್ಟೇಟಿಗೆಂದು ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. 1997ರ ಡಿಸೆಂಬರಿನಲ್ಲಿ 1 ಮಿಲಿಗ್ರಾಂ ಕೂದಲಿಗೆ ಬಂತು.

ಸ್ವಾರಸ್ಯವೆಂದರೆ ಆ ಹಳ್ಳಿಯ ಗಂಡಸರಲ್ಲಿ ಎದೆ ಬೆಳೆದಿರಲಿಲ್ಲ. ಹುಟ್ಟಿನಿಂದ ಡಿಎಚ್‌ಟಿ ಕಡಿಮೆ ಇದ್ದ ಮೈಗೂ, ಇಪ್ಪತ್ತೈದು ವರ್ಷ ಅದರಲ್ಲೇ ಬೆಳೆದು ಒಂದು ದಿನ ಇದ್ದಕ್ಕಿದ್ದಂತೆ ಕಳೆದುಕೊಂಡ ಮೈಗೂ ವ್ಯತ್ಯಾಸ ಇದೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ರೋಗಿಗಳಿಗೆ ನಾನು ಹೇಳುವುದು ಕೆರೆಯ ಲೆಕ್ಕದಲ್ಲಿ. ಟೆಸ್ಟೋಸ್ಟೆರಾನ್ ಎಂಬ ಕೆರೆಗೆ ಎರಡು ತೂಬು. ಒಂದರಿಂದ ಹೊರಟದ್ದು ಡಿಎಚ್‌ಟಿ ಆಗುತ್ತದೆ, ಇನ್ನೊಂದರಿಂದ ಹೊರಟದ್ದು ಹೆಣ್ಣು ಹಾರ್ಮೋನ್ ಎನ್ನುವ ಈಸ್ಟ್ರೋಜನ್. ಗಂಡಸಿನ ಮೈಯಲ್ಲೂ ಈಸ್ಟ್ರೋಜನ್ ಇದೆ, ಮೂಳೆಗೆ ಅದು ಬೇಕೇ ಬೇಕು. ಫಿನಾಸ್ಟರೈಡ್ ಮೊದಲ ತೂಬನ್ನು ಮುಚ್ಚುತ್ತದೆ: ರಕ್ತದ ಡಿಎಚ್‌ಟಿ ಶೇಕಡಾ 70ರಷ್ಟು ಇಳಿಯುತ್ತದೆ. ಕೆರೆಯ ನೀರು ಸ್ವಲ್ಪ ಏರುತ್ತದೆ, ಟೆಸ್ಟೋಸ್ಟೆರಾನ್ ಶೇಕಡಾ 10-15ರಷ್ಟು ಹೆಚ್ಚುತ್ತದೆ. ಏರಿದ ನೀರು ಎರಡನೇ ತೂಬಿನಲ್ಲಿ ಜಾಸ್ತಿ ಹರಿಯುತ್ತದೆ. ಎದೆಯ ಗ್ರಂಥಿಗೆ ಈಸ್ಟ್ರೋಜನ್ ಗೊಬ್ಬರ, ಡಿಎಚ್‌ಟಿ ಕಡಿವಾಣ. ಕಡಿವಾಣ ಸಡಿಲ, ಗೊಬ್ಬರ ತುಸು ಹೆಚ್ಚು. ಹಾಗಾಗಿ ರಕ್ತಪರೀಕ್ಷೆಯಲ್ಲಿ ಎಲ್ಲವೂ "ನಾರ್ಮಲ್" ಎಂದು ಬಂದರೂ ಗಂಟು ಎದ್ದಿರಬಹುದು.

ಹೆದರಿ ಮಾತ್ರೆ ಎಸೆಯಬೇಡಿ. 1 ಮಿಲಿಗ್ರಾಂ ಪ್ರಯೋಗಗಳಲ್ಲಿ ಎದೆ ಬೆಳೆದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ, ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ಆ ಪ್ರಯೋಗದವರು ಚೀಟಿಯಲ್ಲಿ ಬರೆದಷ್ಟೇ ನುಂಗುತ್ತಿದ್ದರು. ನಮ್ಮಲ್ಲಿ ಹಾಗಲ್ಲ. 5 ಮಿಲಿಗ್ರಾಂ ಮಾತ್ರೆ ತಂದು ಬ್ಲೇಡಿನಲ್ಲಿ ನಾಲ್ಕು ತುಂಡು ಮಾಡುವವರಿದ್ದಾರೆ. (ಮನೆಯಲ್ಲಿ ಬಸುರಿ ಇದ್ದರೆ ಆ ಪುಡಿಯನ್ನು ಅವರು ಮುಟ್ಟಲೇಬಾರದು. ಹೊಟ್ಟೆಯಲ್ಲಿ ಗಂಡುಮಗು ಇದ್ದರೆ ಅದರ ಜನನಾಂಗದ ಬೆಳವಣಿಗೆಗೆ ಡಿಎಚ್‌ಟಿ ಬೇಕು.) ಗೆಳೆಯನ ಮಾತು ಕೇಳಿ ಇದೇ ಜಾತಿಯ ಡುಟಾಸ್ಟರೈಡ್‌ಗೆ ಹೋದವರಿದ್ದಾರೆ. ಅದು ಡಿಎಚ್‌ಟಿಯನ್ನು ಶೇಕಡಾ 90ಕ್ಕೂ ಮೇಲೆ ಇಳಿಸುತ್ತದೆ. ಫಿನಾಸ್ಟರೈಡ್‌ನ ಅರ್ಧಾಯುಷ್ಯ (ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು) ಆರೇಳು ಗಂಟೆ, ಡುಟಾಸ್ಟರೈಡ್‌ನದು ಸುಮಾರು ಐದು ವಾರ. ಇವತ್ತು ಬಿಟ್ಟರೂ ತಿಂಗಳುಗಟ್ಟಲೆ ರಕ್ತದಲ್ಲೇ ಇರುತ್ತದೆ. ಹೆಂಡತಿಗೆ ಪಿಸಿಒಡಿಗೆಂದು ಕೊಟ್ಟಿದ್ದ ಸ್ಪೈರನೊಲ್ಯಾಕ್ಟೋನನ್ನು "ಇವಳ ಕೂದಲು ನಿಂತಿತಲ್ಲ" ಎಂದು ತಾನೂ ನುಂಗಿದ ಗಂಡನೊಬ್ಬ ಬಂದಿದ್ದ. ಗಂಡಸರ ಎದೆ ಬೆಳೆಸುವುದರಲ್ಲಿ ಅದು ಹಳೆಯ ಕುಖ್ಯಾತ ಔಷಧ. ಇನ್ನು ಮನೆ ಬಾಗಿಲಿಗೆ ಬರುವ "ಹೇರ್ ಕಿಟ್" ಬಾಟಲಿಗಳ ಹಿಂಬದಿ ಓದಿ. ಕೂದಲು ಬೆಳೆಯಲೆಂದು ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಜೊತೆ ಎಷ್ಟೋ ಸಲ ಫಿನಾಸ್ಟರೈಡೂ ಇರುತ್ತದೆ. ತಲೆಗೆ ಹಚ್ಚಿದ್ದೂ ಸ್ವಲ್ಪ ರಕ್ತಕ್ಕೆ ಇಳಿಯುತ್ತದೆ.

ಮಾತ್ರೆ ಸಿಕ್ಕಿತು ಎಂದು ಹುಡುಕಾಟ ನಿಲ್ಲಿಸುವುದು ವೈದ್ಯರ ಸೋಮಾರಿತನ. ಕುಡಿತ, ಲಿವರ್, ಕಿಡ್ನಿ, ಥೈರಾಯ್ಡ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು, ಜಿಮ್ಮಿನಲ್ಲಿ ಗುಟ್ಟಾಗಿ ಚುಚ್ಚಿಸಿಕೊಂಡ ಸ್ಟಿರಾಯ್ಡ್, ಎಲ್ಲವನ್ನೂ ಕೇಳಬೇಕು. ಆಮೇಲೆ "ಪ್ಯಾಂಟ್ ಸಡಿಲ ಮಾಡಿ" ಎಂದಾಗ ರೋಗಿ ತಬ್ಬಿಬ್ಬಾಗುತ್ತಾನೆ. ಎದೆಯ ಗಂಟಿಗೂ ವೃಷಣಕ್ಕೂ ಏನು ಸಂಬಂಧ? ಯುವಕರಲ್ಲಿ ವೃಷಣದ ಕೆಲವು ಗಡ್ಡೆಗಳು ಬಸುರಿಯರಲ್ಲಿ ಕಾಣುವ ಎಚ್‌ಸಿಜಿ ಹಾರ್ಮೋನನ್ನು ಸುರಿಸುತ್ತವೆ, ಅದರ ಮೊದಲ ಸುಳಿವು ಎದೆಯಲ್ಲಿ ಸಿಗಬಹುದು. ವೃಷಣಗಳು ತೀರಾ ಚಿಕ್ಕವಾಗಿ ಗಟ್ಟಿಯಾಗಿದ್ದರೆ ಹುಟ್ಟಿನಿಂದ ಬಂದ ಕ್ಲೈನ್‌ಫೆಲ್ಟರ್ ತೊಂದರೆ (ಗಂಡಸಿನಲ್ಲಿ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿರುವುದು) ಇರಬಹುದು. ಅವರಲ್ಲಿ ಎದೆಯ ಕ್ಯಾನ್ಸರಿನ ಅಪಾಯವೂ ಹೆಚ್ಚು.

ಕ್ಯಾನ್ಸರ್ ಎಂಬ ಪದ ಬ್ಯಾಂಕ್ ಹುಡುಗನ ಬಾಯಿಂದ ಬಂದದ್ದು ಕೊನೆಗೆ. ಒಟ್ಟು ಸ್ತನ ಕ್ಯಾನ್ಸರುಗಳಲ್ಲಿ ಗಂಡಸರದು ಶೇಕಡಾ ಒಂದರ ಆಸುಪಾಸು. ಗ್ರಂಥಿಯ ಬಿಲ್ಲೆ ತೊಟ್ಟಿನ ನೇರ ಕೆಳಗಿರುತ್ತದೆ, ಮೆತ್ತಗೆ ನೋಯುತ್ತದೆ, ಅಲ್ಲಾಡುತ್ತದೆ. ನೋವಿಲ್ಲದ ಕಲ್ಲಿನಂಥ ಗಂಟು ಪಕ್ಕಕ್ಕಿದ್ದರೆ, ತೊಟ್ಟು ಒಳಗೆ ಸೇದಿದ್ದರೆ, ರಕ್ತ ಒಸರಿದರೆ, ಕಂಕುಳಲ್ಲಿ ಗೆಡ್ಡೆ ಸಿಕ್ಕರೆ ಆ ವಾರವೇ ಸ್ಕ್ಯಾನಿಂಗ್, ಮ್ಯಾಮೊಗ್ರಾಂ. ಹೌದು, ಗಂಡಸರಿಗೂ ಮ್ಯಾಮೊಗ್ರಾಂ ಮಾಡುತ್ತಾರೆ.

ರಕ್ತಪರೀಕ್ಷೆಯ ವಿಚಾರದಲ್ಲಿ ನಾನೇ ಒಮ್ಮೆ ಬೇಸ್ತುಬಿದ್ದಿದ್ದೇನೆ. ಒಬ್ಬರ ವರದಿಯಲ್ಲಿ ಈಸ್ಟ್ರೋಜನ್ ಏರಿ ಕೂತಿತ್ತು, ಥೈರಾಯ್ಡಿನ ಟಿಎಸ್‌ಎಚ್ ನೆಲ ಕಚ್ಚಿತ್ತು. ಮೈಯಲ್ಲಿ ಅದರ ಲಕ್ಷಣ ಒಂದೂ ಇರಲಿಲ್ಲ. ಮತ್ತಷ್ಟು ಪರೀಕ್ಷೆ ಬರೆದು ಪಾಪ ಅವರ ಜೇಬು ಖಾಲಿ ಮಾಡಿದ ಮೇಲೆ ಗೊತ್ತಾಯಿತು, ಕೂದಲಿಗೆಂದು ದಿನಾ 10 ಮಿಲಿಗ್ರಾಂ ಬಯೋಟಿನ್ ಎಂಬ ವಿಟಮಿನ್ ನುಂಗುತ್ತಿದ್ದರು. ಅನೇಕ ಲ್ಯಾಬ್ ಯಂತ್ರಗಳು ಬಯೋಟಿನನ್ನೇ ಅಂಟಿನಂತೆ ಬಳಸಿ ಹಾರ್ಮೋನ್ ಅಳೆಯುತ್ತವೆ. ರಕ್ತದಲ್ಲೇ ಅದು ತುಂಬಿದ್ದರೆ ಅಳತೆ ತಪ್ಪುತ್ತದೆ. ಬಿಟ್ಟು ಮೂರು ದಿನದ ನಂತರ ರಕ್ತ ಕೊಟ್ಟರೆ ಎಲ್ಲ ಸರಿ. ಐವತ್ತು ದಾಟಿದವರು ಇನ್ನೊಂದು ನೆನಪಿಡಬೇಕು: ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗೆ ರಕ್ತದಲ್ಲಿ ನೋಡುವ ಪಿಎಸ್‌ಎ ಅಂಕಿಯನ್ನು ಫಿನಾಸ್ಟರೈಡ್ ಕಾಲಕ್ರಮದಲ್ಲಿ ಸುಮಾರು ಅರ್ಧಕ್ಕೆ ಇಳಿಸುತ್ತದೆ. ಮಾತ್ರೆಯ ವಿಷಯ ಹೇಳದೆ ಪರೀಕ್ಷೆ ಮಾಡಿಸಿದರೆ ಸುಳ್ಳು ಸಮಾಧಾನ ಸಿಗುತ್ತದೆ.

ಈಗ ಗಂಟಿಗೆ ಏನು ಮಾಡುವುದು? ಇಲ್ಲಿ ಎಲ್ಲಕ್ಕಿಂತ ಮುಖ್ಯ, ಅದು ಎದ್ದು ಎಷ್ಟು ದಿನವಾಯಿತು ಎಂಬುದು. ಮೊದಲ ಆರು ತಿಂಗಳು ಗ್ರಂಥಿ ಎಳೆಯದು, ನಾಳಗಳು ಚಿಗುರುತ್ತಿರುತ್ತವೆ, ನೋವಿರುತ್ತದೆ. ಎಳನೀರಿನ ಗಂಜಿ ಇದ್ದ ಹಾಗೆ. ಕಾರಣ ತೆಗೆದರೆ ಕರಗಬಹುದು. ವರ್ಷ ಕಳೆದರೆ ಒಳಗೆಲ್ಲ ನಾರು ತುಂಬಿ ಕೊಬ್ಬರಿಯಾಗುತ್ತದೆ, ನೋವು ನಿಲ್ಲುತ್ತದೆ. ರೋಗಿ "ವಾಸಿ ಆಯ್ತು" ಎಂದುಕೊಳ್ಳುವುದು ಇಲ್ಲೇ. ನಿಜವಾಗಿ ಔಷಧಕ್ಕೆ ಬಗ್ಗುವ ಕಾಲ ಮುಗಿದಿರುತ್ತದೆ. ಅಂಗಿಯ ಒಳಗೆ ಬಿಗಿ ಬನಿಯನ್ ಹಾಕಿ, ಈಜಲು ಹೋಗುವುದು ಬಿಟ್ಟು, ಮನೆ ದೇವರ ಗುಡಿಯಲ್ಲಿ ಅಂಗಿ ತೆಗೆಯಬೇಕಲ್ಲ ಎಂದು ಜಾತ್ರೆಗೂ ತಪ್ಪಿಸಿಕೊಂಡು, ನಾಚಿಕೆಯಲ್ಲಿ ಕಳೆದ ಆ ಹನ್ನೆರಡು ತಿಂಗಳು ವಾಪಸ್ ಬರುವುದಿಲ್ಲ.

ಹಾಗಾಗಿ ಎಳೆಯ ಗಂಟಿಗೆ ನನ್ನ ಮೊದಲ ಚಿಕಿತ್ಸೆ ಮಾತ್ರೆ ನಿಲ್ಲಿಸುವುದು. "ಅರ್ಧ ಮಾಡಲಾ ಸಾರ್?" ಎಂದು ಎಲ್ಲರೂ ಚೌಕಾಸಿ ಮಾಡುತ್ತಾರೆ. ಈ ಔಷಧದಲ್ಲಿ ಅರ್ಧಕ್ಕೆ ಅರ್ಧ ಎಂಬ ಲೆಕ್ಕ ನಡೆಯುವುದಿಲ್ಲ. 0.2 ಮಿಲಿಗ್ರಾಂ ಕೊಟ್ಟರೂ ರಕ್ತದ ಡಿಎಚ್‌ಟಿ 1 ಮಿಲಿಗ್ರಾಂ ಕೊಟ್ಟಾಗ ಇಳಿದಷ್ಟೇ ಹೆಚ್ಚುಕಡಿಮೆ ಇಳಿಯುತ್ತದೆ. ಪೂರ್ತಿ ನಿಲ್ಲಿಸಿದರೆ ಎರಡು ವಾರದಲ್ಲಿ ಡಿಎಚ್‌ಟಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಗಂಟು ಕರಗಲು ತಿಂಗಳುಗಳು ಬೇಕು. ನಾನು ಮೂರು ತಿಂಗಳು ಕಾಯುತ್ತೇನೆ, ಪ್ರತಿ ಸಲ ಸ್ಕೇಲ್ ಇಟ್ಟು ಅಳೆದು ಬರೆಯುತ್ತೇನೆ. ರೋಗಿಗೆ ದಿನಾ ಹಿಸುಕಿ ನೋಡುವ ಚಟ ಬಿಡಿಸುವುದೇ ಕಷ್ಟ. ಹಿಸುಕಿದಷ್ಟೂ ನೋವು. (ಹಸುಗೂಸಿನ ಎದೆಯಲ್ಲಿ ತಾಯಿಯ ಹಾರ್ಮೋನಿನಿಂದ ಗಂಟಾದರೆ ಅಜ್ಜಿಯರು ಹಿಂಡಿ "ಹಾಲು" ತೆಗೆಯುತ್ತಾರಲ್ಲ, ಅದೂ ತಪ್ಪೇ. ಕೀವಾಗುತ್ತದೆ. ತಾನಾಗಿ ಹೋಗುವುದನ್ನು ಬಿಟ್ಟುಬಿಡಿ.)

ಕೂದಲು? ಉಳಿಸಿಕೊಂಡದ್ದು ಸುಮಾರು ಒಂದು ವರ್ಷದಲ್ಲಿ ಹೋಗುತ್ತದೆ, ಇದನ್ನು ಮುಚ್ಚಿಡಬಾರದು. ಹಚ್ಚುವ ಮಿನಾಕ್ಸಿಡಿಲ್ ಹಾರ್ಮೋನಿನ ದಾರಿ ಹಿಡಿಯುವುದಿಲ್ಲ, ಅದನ್ನು ಮುಂದುವರಿಸಬಹುದು. ಉಳಿದದ್ದು ಚರ್ಮದ ಡಾಕ್ಟರರ ಜೊತೆ ಮಾತಾಡಿ. ಮನಸ್ಸು ಕುಗ್ಗಿದೆಯೇ, ನಿದ್ದೆ ಕೆಟ್ಟಿದೆಯೇ ಎಂದೂ ನಾನು ಕೇಳುತ್ತೇನೆ. 2025ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಆತ್ಮಹತ್ಯೆಯ ಯೋಚನೆಯನ್ನು ಫಿನಾಸ್ಟರೈಡ್‌ನ ಅಡ್ಡಪರಿಣಾಮಗಳ ಪಟ್ಟಿಗೆ ಖಚಿತವಾಗಿ ಸೇರಿಸಿದರು.

ನೋವು ಜಾಸ್ತಿ ಇದ್ದರೆ, ನಿಲ್ಲಿಸಿದ ಮೇಲೂ ಬೆಳೆಯುತ್ತಿದ್ದರೆ, ಆಗ ಟ್ಯಾಮಾಕ್ಸಿಫೆನ್, ದಿನಕ್ಕೆ 10 ಅಥವಾ 20 ಮಿಲಿಗ್ರಾಂ, ಮೂರರಿಂದ ಆರು ತಿಂಗಳು. ಇದು ಹೆಂಗಸರ ಸ್ತನ ಕ್ಯಾನ್ಸರಿನ ಔಷಧ, ಗಂಡಸರ ಗಂಟಿಗೆ ಅಧಿಕೃತ ಒಪ್ಪಿಗೆ ಇಲ್ಲದಿದ್ದರೂ ಬಳಕೆಯಲ್ಲಿದೆ. ಮೊದಲೇ ಹೇಳದಿದ್ದರೆ ಮೆಡಿಕಲ್ ಶಾಪಿನವನ ಮುಖ ನೋಡಿ, ಮೊಬೈಲಿನಲ್ಲಿ ಹುಡುಕಿ, ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಬರುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸವಿದ್ದವರಿಗೆ ಇದು ಬೇಡ. ಫಿನಾಸ್ಟರೈಡ್ ಮುಂದುವರಿಸಿಕೊಂಡೇ ಇದನ್ನೂ ನುಂಗುವ ಜಾಣತನ ಜಿಮ್ಮುಗಳಲ್ಲಿದೆ. ನಾನು ಬರೆದುಕೊಡುವುದಿಲ್ಲ. ಒಂದು ಕಾಲಿನಲ್ಲಿ ಆಕ್ಸಿಲರೇಟರ್, ಇನ್ನೊಂದರಲ್ಲಿ ಬ್ರೇಕ್ ಒತ್ತಿ ಎಷ್ಟು ದೂರ ಹೋಗುತ್ತೀರಿ?

ಕೊಬ್ಬರಿಯಾದದ್ದಕ್ಕೆ ಕತ್ತರಿಯೇ ಗತಿ. ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಅಂಚಿನಲ್ಲಿ ಅರ್ಧಚಂದ್ರದಷ್ಟು ಸೀಳಿ ಗ್ರಂಥಿ ತೆಗೆಯುತ್ತಾರೆ, ಸುತ್ತಲಿನ ಕೊಬ್ಬನ್ನು ಲೈಪೊಸಕ್ಷನ್‌ನಲ್ಲಿ ಸಮ ಮಾಡುತ್ತಾರೆ. ಬರೀ ಕೊಬ್ಬು ಹೀರಿದರೆ ನಾರಿನ ಬಿಲ್ಲೆ ಅಲ್ಲೇ ಉಳಿಯುತ್ತದೆ. ಪೂರ್ತಿ ಕಿತ್ತರೆ ತೊಟ್ಟು ತಟ್ಟೆಯಂತೆ ಒಳಗೆ ಕುಸಿಯುತ್ತದೆ. ಅನುಭವಿ ಪ್ಲಾಸ್ಟಿಕ್ ಸರ್ಜನ್ ಬೇಕು ಎನ್ನುವುದು ಇದಕ್ಕೇ. ನಾಲ್ಕಾರು ವಾರ ಬಿಗಿ ಜಾಕೆಟ್ ತೊಡಬೇಕು. ಇನ್ಶೂರೆನ್ಸ್‌ನವರು "ಅಂದಕ್ಕೆ ಮಾಡಿಸಿಕೊಂಡದ್ದು" ಎಂದು ಕೈ ತೊಳೆದುಕೊಳ್ಳುವುದು ಮಾಮೂಲು, ಮುಂಚೆಯೇ ಕೇಳಿಕೊಳ್ಳಿ. ಆಪರೇಷನ್ ಆಯಿತಲ್ಲ ಎಂದು ಮತ್ತೆ ಮಾತ್ರೆ ಶುರು ಮಾಡಿದರೆ, ಉಳಿಸಿದ ತುಣುಕು ಮತ್ತೆ ಬೆಳೆಯಬಹುದು.

ನಮ್ಮ ಬ್ಯಾಂಕ್ ಹುಡುಗ ನಾಲ್ಕೇ ತಿಂಗಳ ನೋವಿಗೆ ಬಂದಿದ್ದ, ಇಸಿಜಿಗಳ ಸುತ್ತಾಟವನ್ನೂ ಸೇರಿಸಿ. ಹೆಣ್ಣು ನೋಡಲು ಹೋಗುವ ಮುಂಚೆ ತಲೆ ತುಂಬಿ ಕಾಣಲಿ ಎಂದು ಶುರು ಮಾಡಿದ್ದ ಮಾತ್ರೆ ಅದು. ಈಗ ನಿಶ್ಚಿತಾರ್ಥ ಆಗಿದೆ, ಮದುವೆಯವರೆಗಾದರೂ ಬಿಡಲ್ಲ ಎಂದು ಕೂತ. ಹುಡುಗಿಗೆ ಹೇಳಿದ್ದೀಯಾ ಎಂದೆ. ತಲೆ ತಗ್ಗಿಸಿದ. ಮುಂದಿನ ಸಲ ತಾನಾಗಿಯೇ ಹೇಳಿದ:

"ಹೇಳಿದೆ ಸಾರ್. ನಮ್ಮಪ್ಪನ ತಲೆ ನೋಡಿಲ್ವಾ ನೀವು, ಅಂತ ನಕ್ಕಳು."

ಮಾತ್ರೆ ಬಿಟ್ಟು ಮೂರು ತಿಂಗಳಾಗಿದೆ. ಬಲಗಡೆಯದು ಕೈಗೆ ಸಿಗುವುದಿಲ್ಲ. ಎಡಗಡೆ ಒಂದು ಸೆಂಟಿಮೀಟರ್ ಉಳಿದಿದೆ, ನೋವಿಲ್ಲ. ನೆತ್ತಿ ಸ್ವಲ್ಪ ತೆಳುವಾದಂತಿದೆ. ಯುಗಾದಿ ಕಳೆದ ಮೇಲೆ ಇನ್ನೊಮ್ಮೆ ಅಳೆಯೋಣ, ಬಾ ಎಂದಿದ್ದೇನೆ.