ಮೂರು ಗೆರೆ ಕೂಡಿದರೆ ಮೂವರ ಗುಂಪಲ್ಲ

ಚುಕ್ಕಿ ಎಂದರೆ ಮನುಷ್ಯ, ಗೆರೆ ಎಂದರೆ ನಂಟು. ಸಾಮಾಜಿಕ ಜಾಲವನ್ನು ಹೀಗೆ ರಂಗೋಲಿಯಂತೆ ಬಿಡಿಸುವುದು ರೂಢಿ. 1736ರಲ್ಲಿ ಗಣಿತಜ್ಞ ಆಯ್ಲರ್, ಕೋನಿಗ್ಸ್‌ಬರ್ಗ್ ಊರಿನ ಏಳೂ ಸೇತುವೆಗಳನ್ನು ಒಂದೊಂದೇ ಸಲ ದಾಟಿ ಸುತ್ತಬಹುದೇ ಎಂಬ ಒಗಟು ಬಿಡಿಸಿದಾಗ ಬಿದ್ದ ಬೀಜ ಇದು. ಸೇತುವೆಗೆ ಎರಡೇ ತುದಿ, ಗೆರೆ ಸಾಕಿತ್ತು. ಹರಟೆಗೆ, ಸಭೆಗೆ, ವಾಟ್ಸ್‌ಆ್ಯಪ್ ಗುಂಪಿಗೆ ಸಾಲದು. ಹತ್ತು ಜನರ ಒಂದು ಸಭೆಯನ್ನು ಜೋಡಿಗಳಾಗಿ ಒಡೆದರೆ 45 ಗೆರೆ, 120 ತ್ರಿಕೋನ ಹುಟ್ಟುತ್ತವೆ. ಆಮೇಲೆ ಅವನ್ನೇ ಎಣಿಸಿ, ‘ಗೆಳೆಯನ ಗೆಳೆಯ ಗೆಳೆಯನಾಗುತ್ತಾನೆ’ ಎಂಬುದಕ್ಕೆ ಪುರಾವೆ ಸಿಕ್ಕಿತು ಎನ್ನುವುದು ಶುದ್ಧ ತಪ್ಪು. ನಡೆದದ್ದು ಒಂದೇ ಸಭೆ.

ಮೂರು ಕಲ್ಲಿನ ಒಲೆ ನೋಡಿ. ಯಾವ ಎರಡು ಕಲ್ಲಿನ ಮೇಲೂ ಪಾತ್ರೆ ನಿಲ್ಲದು. ಹೊರುವ ಗುಣ ಮೂರಕ್ಕೂ ಒಟ್ಟಾಗಿ ಸೇರಿದ್ದು. ಎರಡೆಳೆ ಹೊಸೆದರೆ ಹುರಿಯಾಗುತ್ತದೆ, ಜಡೆಯಾಗದು. ಸಮಾಜಶಾಸ್ತ್ರಜ್ಞ ಗೇಯೋರ್ಗ್ ಜಿಮೆಲ್ 1908ರಲ್ಲೇ ಇದನ್ನು ಗುರುತಿಸಿದ್ದ: ಮೂರನೆಯವನು ಬಂದೊಡನೆ ಇಬ್ಬರ ನಂಟಿನ ಸ್ವರೂಪವೇ ಬದಲು, ಅವನು ರಾಜಿ ಮಾಡಿಸಬಲ್ಲ, ಜಗಳ ಹಚ್ಚಲೂ ಬಲ್ಲ.

ಗುಂಪನ್ನು ಅಳೆಯುವುದು ಹೇಗೆ? 2009ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಲಿಯೋನ್ ನಗರದ ಪ್ರಾಥಮಿಕ ಶಾಲೆಯೊಂದರಲ್ಲಿ 232 ಮಕ್ಕಳು, 10 ಶಿಕ್ಷಕರು ಎರಡು ದಿನ ಎದೆಗೆ ರೇಡಿಯೊ ಬ್ಯಾಡ್ಜ್ ತೊಟ್ಟಿದ್ದರು. ಒಂದೊಂದೂವರೆ ಮೀಟರಿನೊಳಗೆ ಇಬ್ಬರು ಎದುರುಬದುರಾದರೆ, ಪ್ರತಿ 20 ಸೆಕೆಂಡಿಗೊಮ್ಮೆ ದಾಖಲು. ಆದರೆ ಬ್ಯಾಡ್ಜಿಗೆ ಗೊತ್ತಿರುವುದು ಜೋಡಿ ಮಾತ್ರ. ಒಂದೇ ಅವಧಿಯಲ್ಲಿ ಮೂರೂ ಜೋಡಿ ಸಿಕ್ಕರೆ ಮೂವರ ಗುಂಪೆಂದು ನಾವೇ ಬರೆದುಕೊಳ್ಳಬೇಕು. ಒಂದು ಮಗು ಪಕ್ಕಕ್ಕೆ ತಿರುಗಿತೆನ್ನಿ, ಮೈ ಅಡ್ಡ ಬಂದು ಸಂಕೇತ ತಪ್ಪುತ್ತದೆ, ಗುಂಪು ಎರಡು ಜೋಡಿಯಾಗಿ ಸೀಳುತ್ತದೆ. ಐದು ನಿಮಿಷದ ದಾಖಲೆಯನ್ನು ಒಟ್ಟುಗೂಡಿಸಿದರೆ ಈ ಸೀಳು ಬಹುಮಟ್ಟಿಗೆ ಮುಚ್ಚುತ್ತದೆ. ಇಡೀ ದಿನದ್ದನ್ನು ಒಟ್ಟುಗೂಡಿಸಿದರೆ ಬೆಳಿಗ್ಗೆಯ ಜೋಡಿ, ಸಂಜೆಯ ಜೋಡಿ ಬೆರೆತು ಇಲ್ಲದ ಗುಂಪು ಹುಟ್ಟುತ್ತದೆ.

ಇಬ್ಬಿಬ್ಬರಾಗಿ ಪರಿಚಯವಿರುವ ಮೂವರು ಮುಂದೆ ಒಟ್ಟಿಗೆ ಕೂಡುವರೇ? 2018ರಲ್ಲಿ ಸಂಶೋಧಕ ಆಸ್ಟಿನ್ ಬೆನ್ಸನ್ ಮತ್ತು ಸಂಗಡಿಗರು 19 ಬಗೆಯ ದತ್ತಾಂಶಗಳನ್ನು ಜಾಲಾಡಿದರು. ಜೋಡಿನಂಟು ಗಟ್ಟಿಯಾದಷ್ಟೂ ಕೂಡುವ ಸಾಧ್ಯತೆ ಹೆಚ್ಚು.

ನನ್ನ ಕಳವಳ ಇರುವುದು ವದಂತಿಯ ವಿಷಯದಲ್ಲಿ. ‘ಜನ ದಡ್ಡರು, ಅದಕ್ಕೇ ನಂಬುತ್ತಾರೆ’ ಎನ್ನುವ ವಿವರಣೆ ಸಾಲದು. 2019ರಲ್ಲಿ ಸಂಶೋಧಕ ಇಯಾಕೊಪಿನಿ ಮತ್ತು ಜೊತೆಗಾರರು ಕೊಟ್ಟ ಗಣಿತದ ಮಾದರಿಯಲ್ಲಿ ಹರಡುವ ಬಲ ಎರಡು: ಒಬ್ಬ ಇನ್ನೊಬ್ಬನಿಗೆ ಹೇಳುವುದು, ಈಗಾಗಲೇ ನಂಬಿದ ಇಬ್ಬರು ಸೇರಿ ಮೂರನೆಯವನನ್ನು ಒಪ್ಪಿಸುವುದು. ಜೋಡಿಬಲ ಎಂದರೆ ಸುತ್ತ ಯಾರೂ ನಂಬಿರದಿದ್ದಾಗ, ನಂಬಿಕೆ ಬಿಡುವ ಮೊದಲು ಒಬ್ಬ ಸರಾಸರಿ ಎಷ್ಟು ಜನರನ್ನು ಒಲಿಸುತ್ತಾನೆ ಎಂಬ ಲೆಕ್ಕ. ಅದು 0.8 ಮಾತ್ರ ಇದ್ದರೆ ವದಂತಿ ಸಾಯುತ್ತದೆ, ಏಕೆಂದರೆ ಒಬ್ಬ ನಂಬಿಕೆ ಬಿಡುವಷ್ಟರಲ್ಲಿ ಒಬ್ಬನನ್ನೂ ಪೂರ್ತಿ ಒಲಿಸಿರುವುದಿಲ್ಲ. ಇದಕ್ಕೆ 2.5ರಷ್ಟು ಗುಂಪುಬಲ ಸೇರಿಸಿ. ಗುಂಪುಬಲಕ್ಕೆ ನಂಬಿದ ಇನ್ನೊಬ್ಬನೂ ಬೇಕು, ಹಾಗಾಗಿ ಅದನ್ನು ನಂಬಿದವರ ಪಾಲಿನಿಂದ ಗುಣಿಸಬೇಕು; ಒಟ್ಟು ಬಲವನ್ನು ಇನ್ನೂ ನಂಬದವರ ಪಾಲಿನಿಂದ. ನಂಬಿದವರು ನೂರಕ್ಕೆ 10 ಇದ್ದಾಗ: 0.9 × (0.8 + 2.5 × 0.1) = 0.945. ಒಂದಕ್ಕಿಂತ ಕಡಿಮೆ, ಆದ್ದರಿಂದ ಇಳಿಕೆ. 20 ಇದ್ದಾಗ: 0.8 × (0.8 + 2.5 × 0.2) = 1.04. ಇನ್ನು ಏರಿಕೆಯೇ, ಸುಮಾರು 53ಕ್ಕೆ ಹೋಗಿ ನಿಲ್ಲುತ್ತದೆ. ಹೊಸ್ತಿಲು ಇರುವುದು 15ರ ಆಸುಪಾಸಿನಲ್ಲಿ. ಜನ ಮರುಳೋ ಜಾತ್ರೆ ಮರುಳೋ ಎಂಬ ಗಾದೆಗೆ ಇಲ್ಲಿ ಲೆಕ್ಕವೇ ಉತ್ತರ: ಜಾತ್ರೆ.

ಒಮ್ಮೆ ನೆಲೆಯೂರಿದ ಮೇಲೆ ಜೋಡಿಬಲವನ್ನು 0.7ಕ್ಕೆ ಇಳಿಸಿದರೂ ನೂರಕ್ಕೆ 46 ಜನ ನಂಬಿಯೇ ಇರುತ್ತಾರೆ. ಸುಮಾರು 0.66ಕ್ಕೆ ಇಳಿದರೆ ಮಾತ್ರ ಪೂರ್ತಿ ಕುಸಿಯುತ್ತದೆ.