ಹಿಟ್ಟು ತಿಗಣೆಯಲ್ಲಿ ಗಂಡು ಇಲ್ಲವೇ?

ಬನಶಂಕರಿಯ ಓದುಗರೊಬ್ಬರ ಪ್ರಶ್ನೆ: "ತಾರಸಿಯ ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿದೆ. ಎಷ್ಟು ಉಜ್ಜಿ ತೊಳೆದರೂ ಮತ್ತೆ ಬೆಳ್ಳಗಾಗುತ್ತದೆ. ಇವೆಲ್ಲ ಹೆಣ್ಣೇ ಅಂತಾರೆ. ಗಂಡಿಲ್ಲದೆ ಇಷ್ಟೊಂದು ಮರಿ ಹೇಗೆ?"

ಗಂಡು ಇದೆ, ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅಷ್ಟೆ. ಮೊಗ್ಗಿನ ತೊಟ್ಟಿಗೆ ಅಂಟಿಕೊಂಡು ರಸ ಹೀರುವ, ಅಕ್ಕಿಹಿಟ್ಟಿನಲ್ಲಿ ಹೊರಳಿಸಿದಂತೆ ಕಾಣುವ ಮೆತ್ತನೆಯ ಜೀವಗಳು ಹೆಣ್ಣು. ಅವಕ್ಕೆ ರೆಕ್ಕೆಯೇ ಬರುವುದಿಲ್ಲ. ಭೂತಗನ್ನಡಿ ಹಿಡಿದು ಎಲೆಯ ಹಿಂಬದಿ ನೋಡಿ. ಹತ್ತಿಯ ಎಳೆಯಿಂದ ಸುತ್ತಿದಂಥ ಉದ್ದನೆಯ ಪುಟ್ಟ ಗೂಡುಗಳು ಸಿಕ್ಕಾವು. ಅದರೊಳಗಿಂದ ಬರುವುದೇ ಗಂಡು: ಒಂದು ಮಿಲಿಮೀಟರಿನಷ್ಟು ಮೈ, ಒಂದೇ ಜೊತೆ ರೆಕ್ಕೆ, ಬಾಲದಲ್ಲಿ ಮೇಣದ ಎರಡು ಬಿಳಿ ಎಳೆ. ತಿನ್ನಲು ಬಾಯಿಲ್ಲ. ಬದುಕುವ ಕೆಲವೇ ದಿನಗಳಲ್ಲಿ ಹೆಣ್ಣು ಸೂಸುವ ವಾಸನೆಯ ಜಾಡು ಹಿಡಿದು ಅವಳನ್ನು ತಲುಪಬೇಕು. ಗಂಡಿಲ್ಲದೆ ಮರಿ ಹಾಕುವ ಕೆಲವು ಜಾತಿಗಳೂ ಇವೆ, ಆದರೆ ಹೆಚ್ಚಿನವಕ್ಕೆ ಈ ಗಂಡು ಬೇಕೇ ಬೇಕು.

ಬೆರಗಿನ ಸಂಗತಿ ಇರುವುದು ಇದರ ಮುಂದೆ. ನಮ್ಮಲ್ಲಿ ಗಂಡೋ ಹೆಣ್ಣೋ ಎಂಬುದು ಎಕ್ಸ್, ವೈ ಕ್ರೋಮೋಸೋಮುಗಳ ಲೆಕ್ಕ. ಇವಕ್ಕೆ ಆ ಲೆಕ್ಕವೇ ಇಲ್ಲ. ಕಾಫಿ ಬೆಳೆಗಾರರನ್ನು ಕಾಡುವ ಪ್ಲಾನೊಕಾಕಸ್ ಸಿಟ್ರಿ ಎಂಬ ಜಾತಿಯನ್ನೇ ತೆಗೆದುಕೊಳ್ಳಿ. ಅದಕ್ಕೆ 10 ಕ್ರೋಮೋಸೋಮು, ತಾಯಿಯಿಂದ 5, ತಂದೆಯಿಂದ 5. ಮಗಳಲ್ಲಿ ಹತ್ತೂ ಕೆಲಸ ಮಾಡುತ್ತವೆ. ಮಗನಲ್ಲಿ ಹಾಗಲ್ಲ. ಅವನಿನ್ನೂ ಭ್ರೂಣವಾಗಿರುವಾಗಲೇ ತಂದೆಯಿಂದ ಬಂದ ಐದೂ ಮುದುಡಿ, ಉಂಡೆಗಟ್ಟಿ, ಬಹುಮಟ್ಟಿಗೆ ಸುಮ್ಮನಾಗಿಬಿಡುತ್ತವೆ. ಮುಂದೆ ಅವನ ವೀರ್ಯಾಣುಗಳಲ್ಲೂ ಅವಕ್ಕೆ ಜಾಗವಿಲ್ಲ. ಮಗ ಮುಂದಿನ ಪೀಳಿಗೆಗೆ ದಾಟಿಸುವುದು ತನ್ನ ತಾಯಿ ಕೊಟ್ಟದ್ದನ್ನು ಮಾತ್ರ.

ಇದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ವಿಕಿರಣದ ಪ್ರಯೋಗದಿಂದ. ಸ್ಪೆನ್ಸರ್ ಬ್ರೌನ್ ಮತ್ತು ನೆಲ್ಸನ್-ರೀಸ್ 1961ರಲ್ಲಿ ಪ್ರಕಟಿಸಿದ ಕೆಲಸ ಅದು. ಗಂಡುಗಳ ಮೇಲೆ ಭಾರೀ ವಿಕಿರಣ ಹಾಯಿಸಿ ಹೆಣ್ಣುಗಳೊಂದಿಗೆ ಕೂಡಿಸಿದಾಗ ಹೆಣ್ಣುಮರಿಗಳು ಸತ್ತವು, ಗಂಡುಮರಿಗಳು ಬದುಕಿದವು. ತಂದೆಯ ಕ್ರೋಮೋಸೋಮು ಕೆಟ್ಟರೂ ಮಗನಿಗೆ ತೊಂದರೆಯಾಗಲಿಲ್ಲ, ಏಕೆಂದರೆ ಅವನು ಅದನ್ನು ನೆಚ್ಚಿಕೊಂಡೇ ಇರಲಿಲ್ಲ. ಇದೇ ಬ್ರೌನ್ ಜೊತೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ (ಅಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ) ಎಚ್. ಶರತ್ ಚಂದ್ರ ಅವರು 1975ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು: ಇದು ತಂದೆಯದು, ಇದು ತಾಯಿಯದು ಎಂದು ಕ್ರೋಮೋಸೋಮಿನ ಮೇಲೆ ಬೀಳುವ ಗುರುತಿನ ವಿಚಾರವನ್ನು ಸಸ್ತನಿಗಳ ಎಕ್ಸ್ ಕ್ರೋಮೋಸೋಮಿಗೂ ಹಚ್ಚಿ ನೋಡಿದ ಲೇಖನ ಅದು. ಗಿಡದ ಮೇಲಿನ ಪೀಡೆಯಿಂದ ಹೊರಟು ನಮ್ಮ ಮೈಯ ಜೀವಕೋಶದವರೆಗೆ ಬಂದ ಆ ಯೋಚನೆಯ ದಾರಿ ನನಗೆ ತುಂಬ ಇಷ್ಟ.

ಈಗ ಸಂಗಾತಿಯ ಆಯ್ಕೆಗೆ ಬರೋಣ. ಚುರುಕಾದ, ಗಟ್ಟಿಮುಟ್ಟಾದ ಗಂಡನ್ನೇ ಹೆಣ್ಣು ಆರಿಸಿಕೊಂಡಳು ಅನ್ನಿ. ಆ ಚುರುಕು ಅವಳ ಗಂಡುಮಕ್ಕಳಿಗೆ ಬರುವಂತಿಲ್ಲ. ಬಂದರೆ ಮಗಳ ಮೂಲಕ, ಮಗಳ ಮಗನಿಗೆ. ತಾತನ ಹೋಲಿಕೆ ಮೊಮ್ಮಗನಿಗೆ ಎಂದು ನಾವು ಅನ್ನುತ್ತೇವಲ್ಲ, ಇಲ್ಲಿ ಆ ತಾತ ತಾಯಿಯ ತಂದೆಯೇ ಆಗಿರಬೇಕು. ತಂದೆಗಂತೂ ಮಗ ವಂಶೋದ್ಧಾರಕನಲ್ಲ. ಮಗನಲ್ಲಿಗೆ ಅವನ ಎಳೆ ಕಡಿದುಹೋಯಿತು. ಅವನ ಪಾಲಿಗೆ ಎಲ್ಲವೂ ಹೆಣ್ಣುಮರಿಯೇ ಆಗುವುದು ಲಾಭ. ತಾಯಿಯ ಲೆಕ್ಕ ಬೇರೆ, ಅವಳದ್ದನ್ನು ಮಗ ಪೂರ್ತಿಯಾಗಿ ದಾಟಿಸುತ್ತಾನೆ. ಒಂದೇ ಮೊಟ್ಟೆಚೀಲದ ಮೇಲೆ ಅಪ್ಪ-ಅಮ್ಮಂದಿರ ಹಿತ ಹೀಗೆ ಎಳೆದಾಡುತ್ತದೆ. ಹಾಗೆಂದು ಗಂಡು-ಹೆಣ್ಣಿನ ಪ್ರಮಾಣ ಒಂದೇ ಕಡೆ ನಿಂತಿರುವುದೂ ಇಲ್ಲ. ತಾಯಿ ಬೆಳೆದ ಜಾಗದ ಬಿಸಿ, ಹಸಿವು, ಕೂಡಿದಾಗಿನ ವಯಸ್ಸು ಅದನ್ನು ಬದಲಿಸುತ್ತವೆ ಎಂದು ಪ್ರಯೋಗಗಳು ತೋರಿಸಿವೆ.

ತೊಳೆಯುವ ಮುನ್ನ ಇನ್ನೊಂದು ನೋಡಿಕೊಳ್ಳಿ. ಕೆಲವು ತಿಗಣೆಗಳು ಕಂದುಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ ಉಬ್ಬಿದ್ದರೆ ಒಳಗೆ ಪುಟ್ಟ ಕಣಜದ ಮರಿ ಬೆಳೆಯುತ್ತಿದೆ ಎಂದರ್ಥ. 2010ರಲ್ಲಿ ಪಪ್ಪಾಯಿಯ ಹಿಟ್ಟು ತಿಗಣೆಯನ್ನು ಹತೋಟಿಗೆ ತರಲು ಪೋರ್ಟೊ ರಿಕೊದಿಂದ ತರಿಸಿ, ಹೆಬ್ಬಾಳದ ಕೃಷಿ ಕೀಟ ಸಂಸ್ಥೆಯವರು ಬೆಳೆಸಿ ಬಿಟ್ಟದ್ದು ಇಂಥ ಕಣಜಗಳನ್ನೇ. ಇವುಗಳ ತಳಿಲೆಕ್ಕವೂ ವಿಚಿತ್ರ: ಫಲಿತ ಮೊಟ್ಟೆ ಹೆಣ್ಣಾಗುತ್ತದೆ, ಫಲಿಸದ್ದು ಗಂಡು. ಇಂಥ ಹಲವು ಕಣಜಗಳಲ್ಲಿ ತಾಯಿ ದೊಡ್ಡ ತಿಗಣೆಯೊಳಗೆ ಹೆಣ್ಣನ್ನೂ ಚಿಕ್ಕದರೊಳಗೆ ಗಂಡನ್ನೂ ಇಡುತ್ತಾಳೆ. ಕಂದು ತಿಗಣೆಗಳಿರುವ ರೆಂಬೆಯನ್ನು ಉಜ್ಜದೆ, ಔಷಧಿ ಹೊಡೆಯದೆ ಹಾಗೇ ಬಿಡಿ. ಸ್ವಲ್ಪ ದಿನದಲ್ಲಿ ಅವುಗಳ ಬೆನ್ನಲ್ಲಿ ದುಂಡನೆಯ ತೂತು ಕಂಡರೆ ಕಣಜ ಹೊರಬಂದು ನಿಮ್ಮ ತಾರಸಿಯಲ್ಲೇ ಓಡಾಡುತ್ತಿದೆ.